ನೊಣ ಕಟ್ಟುವ ದುರ್ಗಪ್ಪ

ದಡ್ಡಿ ಊರಿನ ದುರ್ಗಪ್ಪನ ಉದ್ಯೋಗವೇನು ಎಂದು ಕೇಳಿದರೆ ಅವನ ಹೆಂಡತಿ ಶೆಟ್ಟೆವ್ವ, "ನೊಣ ಕಟ್ತಾನ್ರಿ" ಎನ್ನುತ್ತಿದ್ದಳು. ನಾನದನ್ನು "ನೊಣ ಹೊಡೀತಾನ್ರಿ" ಎಂದು ಕೇಳಿಸಿಕೊಂಡು, ಅವನೊಬ್ಬ ಅಪ್ಪಟ ಮೈಗಳ್ಳನೆಂದು ಎರಡು ವರ್ಷ ನಂಬಿದ್ದೆ. ಕುಂತು ಬರೆಯುವವರಿಗೆ ಇತರರ ಮೈಗಳ್ಳತನ ಬೇಗ ಕಾಣುತ್ತದೆ.

ಅವನು ಕಟ್ಟುತ್ತಿದ್ದುದು ನಿಜವಾಗಿಯೂ ನೊಣವನ್ನೇ. ಹುಂಜದ ಕುತ್ತಿಗೆಯ ಗರಿಯನ್ನು ಗಾಳದ ಕೊಕ್ಕೆಗೆ ರೇಷ್ಮೆ ಎಳೆಯಿಂದ ಸುತ್ತಿ, ಸಣ್ಣ ಚೂರಿಯಿಂದ ಸವರಿಟ್ಟರೆ, ಮೀನು ಹಾಗಿರಲಿ, ಶೆಟ್ಟೆವ್ವನೇ ಸೆರಗು ಬೀಸಿ ಓಡಿಸಲು ಬರುತ್ತಿದ್ದಳು. ಗೋಕಾಕದಿಂದ ಬಂದು ಹೊಳೆಯ ದಂಡೆಗೆ ಡೇರೆ ಹೊಡೆಯುತ್ತಿದ್ದ ಹಾರ್ಲಿ ಸಾಹೇಬನಿಗೆ ಈ ನೊಣಗಳು ಬೇಕು. ತನ್ನ ದೇಶದ ತಣ್ಣೀರಿನಲ್ಲಿ ಟ್ರೌಟ್ ಎಂಬ ಮೀನನ್ನು ಹೀಗೆಯೇ ಹಿಡಿಯುತ್ತಿದ್ದನಂತೆ. ಆ ವಿದ್ಯೆಯನ್ನು ಘಟಪ್ರಭೆಯ ದೊಡ್ಡ ಮೀನಿನ ಮೇಲೂ ಪ್ರಯೋಗಿಸುವ ಹಟ.

೧೯೩೧ರ ಬೇಸಿಗೆ ಮುಗಿಯುತ್ತ ಬಂದಿತ್ತು. ಹೊಳೆ ಬತ್ತಿ, ಇದ್ದಬದ್ದ ಮೀನೆಲ್ಲ ಮಡುವಿಗೆ ಸೇರಿತ್ತು. ಸಾಹೇಬ ನಡುಹೊಳೆಯ ಬಂಡೆಯ ಮೇಲೆ. ಈಚೆ ಮೊಣಕಾಲು ನೀರಿನಲ್ಲಿ ದುರ್ಗಪ್ಪ. ದಂಡೆಯಲ್ಲಿ, ಕೊಡೆಯ ನೆರಳಿಗೆ, ದುಭಾಷಿ ಕಾರಕೂನ ಗುರುಲಿಂಗಪ್ಪ.

ನೊಣ ನೀರು ಮುಟ್ಟಿತೋ ಇಲ್ಲವೋ, ಮಡು ಬಾಯಿ ತೆರೆಯಿತು. ಸಾಹೇಬನ ಗಾಳದ ಕೋಲು ಬಿಲ್ಲಾಯಿತು. ಅದೇ ಹೊತ್ತಿಗೆ ದುರ್ಗಪ್ಪನ ಮೀನಖಂಡಕ್ಕೆ ಥಣ್ಣಗೆ ಏನೋ ತಾಗಿತು. ಬೆಳಗಿನಿಂದ ಉಗುರುಬೆಚ್ಚಗಿದ್ದ ನೀರು ತಣ್ಣಗಾಗಿತ್ತು. ಮೇಲೆ ಘಟ್ಟದಲ್ಲಿ ಮಳೆ ಬಿದ್ದಿದೆ, ಮಹಾಪೂರ ಬರುತ್ತಿದೆ!

"ಕಾರಕೂನರ, ಹೊಳಿ ಬಂತ್ರಿ! ಸಾಹೇಬಗ ಹೊರಗ ಬಾ ಅನ್ರಿ!"

"ಏ, ಸಾಹೇಬ್ರಿಗೆ 'ಬಾ' ಅಂತಾರೇನಲೇ? ತಡಿ, ಚೊಲೋ ಇಂಗ್ಲಿಷ್‌ನ್ಯಾಗ ಹೇಳ್ತೇನಿ."

ಗುರುಲಿಂಗಪ್ಪ ಕೋಟಿನ ಗುಂಡಿ ಹಾಕಿಕೊಂಡು, ಕೆಮ್ಮಿ, ಅಕ್ಷರಕ್ಕೆ ಅಕ್ಷರ ಭಾಷಾಂತರಿಸಿ ಒಪ್ಪಿಸಿದ: ಮಹಾಸ್ವಾಮಿ, ನದಿಯು ಆಗಮಿಸಿದೆ. ಸಾಹೇಬ ತಿರುಗಿಯೂ ನೋಡದೆ ನಕ್ಕ. ನದಿ ಬೆಳಗಿನಿಂದ ಅಲ್ಲೇ ಇತ್ತಲ್ಲ!

"ನಗಾಕತ್ತಾನಲ್ರಿ! ಏನ್ ಹೇಳಿದ್ರಿ?"

"ನೀ ಅಂದದ್ದ ಹೇಳೇನಿ!"

ಒಣ ಎಲೆಗಳು ತೇಲಿಬಂದವು. ಹಿಂದೆಯೇ ನೊರೆ. ನೀರು ಕೆಂಪಾಗಿ ತೊಡೆಗೇರಿತು. ತಿರುವಿನ ಆಚೆಯಿಂದ ಗುಡುಗಿನಂಥ ಸದ್ದು. ಆದರೆ ಗುಡುಗು ನಿಲ್ಲುತ್ತದೆ, ಇದು ನಿಲ್ಲಲಿಲ್ಲ.

ದುರ್ಗಪ್ಪ ನುಗ್ಗಿದ. ಬಂಡೆ ಹತ್ತಿ ತೋಳು ಹಿಡಿದೆಳೆದರೆ ಸಾಹೇಬ ಕೊಡವಿಕೊಂಡ. ಕೈಗೆ ಬಂದ ಮೀನು ಬಿಡುವ ಆಸಾಮಿಯಲ್ಲ ಅವನು. ದುರ್ಗಪ್ಪ ಗರಿ ಸವರುವ ಚೂರಿಯನ್ನು ತಲೆಯ ರುಮಾಲಿನಿಂದ ತೆಗೆದು, ಬಿಗಿದ ದಾರಕ್ಕೆ ತಾಗಿಸಿದ. ಟಣ್! ಕೋಲು ನೆಟ್ಟಗಾಯಿತು, ಸಾಹೇಬ ಹಿಂದಕ್ಕೆ ಬಿದ್ದ. ಬಿದ್ದವನ ಸೊಂಟದ ಪಟ್ಟಾ ಹಿಡಿದು ದುರ್ಗಪ್ಪ ಎಳೆದುಕೊಂಡು ಹೊರಟ. ಎದೆಮಟ್ಟದ ನೀರಿನಲ್ಲಿ ಎರಡು ಸಲ ಕಾಲು ತಪ್ಪಿತು. ದಂಡೆಯ ಮುಳ್ಳುಕಂಟಿ ಕೈಗೆ ಸಿಕ್ಕಿದ ಮೇಲೆ ತಿರುಗಿ ನೋಡಿದರೆ, ಬಂಡೆ ಇರಲಿಲ್ಲ.

ಸಾಹೇಬ ನೀರು ಕಾರಿಕೊಂಡು, ಬಂಡೆಯಿದ್ದ ಕಡೆ ನೋಡುತ್ತ ಕುಳಿತ. ಗುರುಲಿಂಗಪ್ಪನಿಗೆ ಮಾತ್ರ ಅಧಿಕಾರದ ಒಂದು ಮಾತು ಆಡದೆ ಇರಲಾಗಲಿಲ್ಲ.

"ಸಾಹೇಬ್ರ ಮೀನ ಕಳದೆಲ್ಲೋ ದುರ್ಗ್ಯಾ! ಎಷ್ಟ ದೊಡ್ಡದಿತ್ತದು?"

ದುರ್ಗಪ್ಪ ಧೋತರದ ಚುಂಗು ಹಿಂಡಿದ.

"ಸಾಹೇಬಗಿಂತ ಸಣ್ಣದಿತ್ರಿ."