ಹೊಲಿದ ಜೇಬು

ಮೆಟ್ರೋ ನಮ್ಮ ಬೀದಿಯ ಮೇಲೆ ಹಾದು ಹೋದಾಗಲೆಲ್ಲ ನನ್ನ ಅಂಗಡಿಯ ಅಟ್ಟದಲ್ಲಿರುವ ಹಳೆಯ ಬಿಸ್ಕತ್ತಿನ ಡಬ್ಬ ಕಟಕಟ ಅನ್ನುತ್ತದೆ. ಬ್ಲೌಸಿನ ಅಳತೆ ಕೊಡಲು ಬಂದವರು ಮೇಲೆ ಇಲಿ ಸೇರಿಕೊಂಡಿದೆ ನೋಡಿ ಆಂಟಿ ಅನ್ನುತ್ತಾರೆ. ಇಲಿಯಾಗಿದ್ದರೆ ಬೋನಿಟ್ಟು ಹಿಡಿಯುತ್ತಿದ್ದೆ. ಡಬ್ಬದಲ್ಲಿರುವುದು ಕೋಟಿನ ಗುಂಡಿಗಳು. ಒಂದು ಕಾಲಕ್ಕೆ ಅವೇ ನಮ್ಮ ದುಡ್ಡು.

ವಿಜಯನಗರದ ಮಾರ್ಕೆಟ್ಟಿನ ಹತ್ತಿರ ಒಂದೇ ಕಟ್ಟಡದಲ್ಲಿ ನಾವು ನಾಲ್ಕು ಅಂಗಡಿಯವರು. ನನ್ನದು ಟೈಲರಿಂಗ್. ಪಕ್ಕದಲ್ಲಿ ದಾವಣಗೆರೆ ಕಡೆಯ ಹೆಂಗಸಿನ ದಿನಸಿ ಅಂಗಡಿ, ಆಮೇಲೆ ಮೆಡಿಕಲ್ ಸ್ಟೋರ್, ಮೂಲೆಯಲ್ಲಿ ಹಾಸನದ ಕಡೆಯ ಅಣ್ಣನ ಬೇಕರಿ. ಫೋನಿನಲ್ಲಿ ದುಡ್ಡು ಕಳಿಸುವ ಕಾಲ ಇನ್ನೂ ಬಂದಿರಲಿಲ್ಲ. ಚಿಲ್ಲರೆಗೆ ದಿನಾ ಜಗಳ. ಚಿಲ್ಲರೆ ಬದಲು ಚಾಕ್ಲೇಟ್ ಕೊಟ್ಟರೆ ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. ಒಬ್ಬ ಮಹಾತಾಯಿಯಂತೂ ಕೂಡಿಟ್ಟ ಚಾಕ್ಲೇಟನ್ನೆಲ್ಲ ತಂದು ದಿನಸಿ ಅಂಗಡಿಯ ಟೇಬಲ್ ಮೇಲೆ ಸುರಿದು, ಇದಕ್ಕೆ ಸೋಪು ಕೊಡಿ ಅಂದಳು.

ಆಗ ಉಪಾಯ ಹೇಳಿದವಳು ನಾನು. ಮುಚ್ಚಿಹೋದ ಗಾರ್ಮೆಂಟ್ಸ್ ಒಂದರಿಂದ ಮೂಟೆ ಲೆಕ್ಕದಲ್ಲಿ ತಂದಿದ್ದ ಕಪ್ಪು ಗುಂಡಿಗಳು ನನ್ನ ಹತ್ತಿರ ಬಿದ್ದಿದ್ದವು. ಅಂಥವು ಬೇರೆ ಎಲ್ಲೂ ಸಿಗುತ್ತಿರಲಿಲ್ಲ. ಸಣ್ಣದಕ್ಕೆ ಒಂದು ರೂಪಾಯಿ, ದೊಡ್ಡದಕ್ಕೆ ಹತ್ತು. ಯಾವ ಅಂಗಡಿಯಲ್ಲಿ ಕೊಟ್ಟ ಗುಂಡಿಯನ್ನಾದರೂ ನಾಲ್ಕರಲ್ಲೂ ತೆಗೆದುಕೊಳ್ಳಬೇಕು. ಭಾನುವಾರ ಬೇಕರಿಯಲ್ಲಿ ಕೂತು, ಗುಂಡಿ ಕಡಿಮೆಯಾದವರು ಹೆಚ್ಚಾದವರಿಗೆ ನೋಟು ಕೊಟ್ಟು ಸರಿ ಮಾಡಿಕೊಳ್ಳಬೇಕು. ಬೇಕರಿ ಅಣ್ಣ ತನ್ನ ಕೈಯಾರೆ ಮಾಡಿದ, ಸಿಹಿ ಕೊಬ್ಬರಿ ತುಂಬಿದ ದಿಲ್‌ಪಸಂದ್ ಎಲ್ಲರಿಗೂ ಕೊಯ್ದು ಕೊಡುತ್ತಿದ್ದರು. ಕೂಡಿ ಬಾಳಿದರೆ ಸ್ವರ್ಗಸುಖ ಅಂತ ಎಷ್ಟು ಬೀಗಿದೆವು ಆಗ!

ಆಮೇಲೆ ಮೆಟ್ರೋ ಕಂಬಕ್ಕೆ ನೆಲ ಕೊರೆಯಲು ಶುರುವಾಯಿತು. ರಸ್ತೆಗೆ ತಗಡಿನ ಗೋಡೆ ಎದ್ದಿತು, ಅದು ಬೇಕರಿಗೆ ಬಲು ಹತ್ತಿರ. ಮಟಮಟ ಮಧ್ಯಾಹ್ನವೂ ಅಲ್ಲಿ ಮುಸ್ಸಂಜೆ, ಲೈಟು ಹಾಕಿಯೇ ಕೂರಬೇಕು. ತಗಡಿನ ಆಚೆ ಜನ ಮಾತಾಡಿಕೊಂಡು ಹೋಗುವುದು ಕಿವಿಯ ಹತ್ತಿರವೇ ಕೇಳುತ್ತಿತ್ತು, ಒಬ್ಬರೂ ಕಾಣುತ್ತಿರಲಿಲ್ಲ. ಯಂತ್ರ ಕೊರೆಯತೊಡಗಿದರೆ ನಾಲ್ಕೂ ಅಂಗಡಿಯ ಗಲ್ಲಾಗಳಲ್ಲಿ ಗುಂಡಿಗಳು ಒಟ್ಟಿಗೆ ಕಟಕಟ ಅನ್ನುತ್ತಿದ್ದವು, ಒಟ್ಟಿಗೆ ನಿಲ್ಲುತ್ತಿದ್ದವು. ನನಗೆ ಮೈ ಜುಂ ಅನ್ನುತ್ತಿತ್ತು.

ಬೇಕರಿಗೆ ಗಿರಾಕಿಗಳು ಬರುವುದು ನಿಂತಿತು. ಅಣ್ಣ ಬಾಯಿಬಿಟ್ಟರೆ ಬಣ್ಣಗೇಡು ಅಂತ ಸುಮ್ಮನಿದ್ದು, ಬಂದ ನೋಟನ್ನು ಬಾಡಿಗೆಗೆ ಎತ್ತಿಟ್ಟು, ಹಾಲಿನವನಿಗೂ ಮೈದಾದವನಿಗೂ ಗುಂಡಿಯನ್ನೇ ಕೊಟ್ಟರು. ಅವೂ ಸಾಲದೆ ನನ್ನ ಹತ್ತಿರ ಬಂದಾಗ ಕೇಳಿದಷ್ಟು ಗುಂಡಿ ನಾನೂ ಕೊಟ್ಟೆ. ಅವೆಲ್ಲ ಹೋಗಿ ದಿನಸಿ ಅಂಗಡಿಯಲ್ಲಿ ಅಕ್ಕಿ ಬೇಳೆಯಾದವು. ಭಾನುವಾರ ಬಂದರೆ ಅಣ್ಣ ಮುಂದಿನ ವಾರ ಅನ್ನುತ್ತಿದ್ದರು. ಅದು ಹೇಗೋ ಜನರ ಕಿವಿಗೆ ಬಿತ್ತು. ಒಂದು ಬೆಳಿಗ್ಗೆ ದಿನಸಿ ಅಂಗಡಿ ಮುಂದೆ ಗುಂಡಿ ಹಿಡಿದವರ ಸಾಲೋ ಸಾಲು.

ದಿನಸಿಯಾಕೆ ಕೆಂಡವಾಗಿದ್ದಳು. "ಅವ್ರ ಗುಂಡಿ ಇನ್ನು ನಾವು ತಗೊಳ್ಳೋದು ಬ್ಯಾಡ್ರಿ, ಅವ್ರನ್ನ ಬಿಟ್ಟುಬಿಡೋಣ," ಅಂದಳು.

"ಯಾವ ಗುಂಡಿ ಯಾರದು ಅಂತ ಅದರ ಮೇಲೆ ಬರೆದಿದ್ಯೇನ್ರೀ?" ಅಂದೆ. "ಅವರದು ಬೇಡ ಅಂದ ದಿನ ನಮ್ಮದೂ ಬರೀ ಗುಂಡೀನೇ."

ಪ್ಯಾಂಟು ಸಣ್ಣ ಮಾಡಿಸಲು ಬಂದಿದ್ದ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು ಇದನ್ನೆಲ್ಲ ಕೇಳಿ ನಕ್ಕರು. ಯುರೋಪಿನಲ್ಲೂ ಹಲವು ದೇಶಗಳು ಸೇರಿ ಒಂದೇ ದುಡ್ಡು ಮಾಡಿಕೊಂಡವಂತೆ. ಒಂದು ದೇಶ ಸಾಲದಲ್ಲಿ ಮುಳುಗಿದಾಗ ಮಿಕ್ಕವರು ಎತ್ತಿದರಂತೆ, ಆದರೆ ಎತ್ತುವಾಗ ಹಿಡಿದ ಜುಟ್ಟನ್ನು ಬಿಡಲಿಲ್ಲವಂತೆ. ದುಡ್ಡು ಒಂದಾದ ಮೇಲೆ ಯಜಮಾನಿಕೆಯೂ ಒಂದಾಗಬೇಕಮ್ಮ, ಇಲ್ಲದಿದ್ದರೆ ಎರಡೂ ಉಳಿಯಲ್ಲ ಅಂದರು. ನನಗೆ ಆ ಮಾತು ಸರಿ ಅನ್ನಿಸಿತು. ಇವತ್ತಿಗೂ ಸರಿಯೇ.

ಮೂವರೂ ನೋಟು ಕೂಡಿಸಿ, ಗುಂಡಿ ತಂದವರಿಗೆಲ್ಲ ಕೊಟ್ಟೆವು. ದುಡ್ಡು ಸಿಗುತ್ತದೆ ಅಂತ ಗೊತ್ತಾದ ಮೇಲೆ ಸಂಜೆಯ ಹೊತ್ತಿಗೆ ಸಾಲೇ ಕರಗಿತು. ಅದಕ್ಕೆ ಬದಲಾಗಿ ಬೇಕರಿಯ ಗಲ್ಲಾ ನಮ್ಮ ಕೈಗೆ. ಏನು ಸುಡಬೇಕು ಅಂತ ಹೇಳುವವರು ನಾವು: ಬ್ರೆಡ್ಡು, ಖಾರಾ ಬನ್ನು ಅಷ್ಟೇ. ದಿಲ್‌ಪಸಂದ್ ಖರ್ಚಿನದು, ಬೇಡ. ಸರದಿಯ ಮೇಲೆ ನಮ್ಮಲ್ಲೊಬ್ಬರು ಹೋಗಿ ಗಲ್ಲಾ ಎಳೆದು ನೋಡಬೇಕು. ಅಣ್ಣ ಗಲ್ಲಾದ ಬೀಗದ ಕೈ ಕೊಟ್ಟರು.

"ಅಂಗಡಿ ನನ್ನ ಹೆಸರಲ್ಲಿ ಉಳಿದ್ರೆ ಸಾಕಮ್ಮ," ಅಂದರು.

ಉಳಿಯಿತು. ಆದರೆ ಗಲ್ಲಾ ಎಳೆದರೆ ಬರುವ ಸದ್ದೂ ಯಂತ್ರ ಕೊರೆದಾಗಿನ ಸದ್ದೂ ಒಂದೇ ಥರ. ಗುಂಡಿ ಕಟಕಟ ಅಂದಾಗಲೆಲ್ಲ ಅಣ್ಣ ಎದ್ದು ನಿಲ್ಲತೊಡಗಿದರು. ಎದುರಿಗೆ ಯಾರೂ ಇಲ್ಲ, ಬರೀ ತಗಡು. ಅದರ ಕಡೆ ಮುಖ ಮಾಡಿ ಅಂಗಿಯ ಜೇಬನ್ನು ಹೊರಗೆಳೆದು, ಖಾಲಿ ಅಂತ ತೋರಿಸುತ್ತಿದ್ದರು. ಹಿಂದೊಮ್ಮೆ ಗಲ್ಲಾ ನೋಡಲು ಹೋದ ಮೆಡಿಕಲ್‌ನವರು ತಮಾಷೆಗೆ, ಜೇಬು ತೋರಿಸಿ ಯಜಮಾನ್ರೇ ಅಂದಿದ್ದರಂತೆ. ಮೊದಲ ಸಲ ನೋಡಿದಾಗ ನಾನು ಬನ್ನು ಕೂಡ ತೆಗೆದುಕೊಳ್ಳದೆ ವಾಪಸು ಬಂದುಬಿಟ್ಟೆ.

ಒಂದು ದಿನ ಅಂಗಿ ಹಿಡಿದುಕೊಂಡು ನನ್ನ ಅಂಗಡಿಗೇ ಬಂದರು. "ಈ ಜೇಬನ್ನ ಹೊಲಿದುಬಿಡಮ್ಮ. ದಿನಾ ತೋರ್ಸೋದು ತಪ್ಪುತ್ತೆ." ನಿಮಗೇನು ತಲೆಗಿಲೆ ಕೆಟ್ಟಿದೆಯಾ ಅಂತ ಬೈದೆ. ಕದಲಲಿಲ್ಲ. ಗಿರಾಕಿಗಳು ನೋಡುತ್ತಿದ್ದರು, ಹೊಲಿದು ಕೊಟ್ಟೆ.

ಕಂಬ ಎದ್ದು ತಗಡು ಹೋಯಿತು, ಬಿಸಿಲು ಬಂತು, ವ್ಯಾಪಾರವೂ ಬಂತು. ಅಣ್ಣ ಬಿಡಿಗಾಸೂ ಬಾಕಿ ಉಳಿಸದೆ ತೀರಿಸಿದರು. ಗುಂಡಿಯ ಸಹವಾಸ ಸಾಕು ಅಂತ ಎಲ್ಲವನ್ನೂ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ. ಫೋನಿನ ದುಡ್ಡು ಬಂದಾಗ, ಇನ್ನು ಮುಂದೆ ಯಾರೂ ಬೀಳುವುದು ಬೇಡ ಅಂತ ನಾಲ್ಕು ಅಂಗಡಿಗೂ ಒಂದೇ ಖಾತೆ, ಒಂದೇ ಬೋರ್ಡು ಮಾಡಿದೆವು. ಏನೇ ಮಾಡುವುದಿದ್ದರೂ ಎಲ್ಲರನ್ನೂ ಕೇಳಿಯೇ ಮಾಡಬೇಕು. ಚೆನ್ನಾಗಿಯೇ ನಡೆದಿದೆ, ಸುಳ್ಳು ಯಾಕೆ ಹೇಳಲಿ. ನನ್ನ ಅಂಗಡಿಗೆ ಫ್ಯಾನು ಹಾಕಿಸಲು ಬೇಸಿಗೆಯೇ ಕಳೆದುಹೋಯಿತು, ಅದು ಬೇರೆ ಮಾತು.

ಬಾಕಿ ತೀರಿದ ಮೇಲೆ ಬೀಗದ ಕೈ ವಾಪಸು ಕೊಡಲು ಹೋದವಳೂ ನಾನೇ. ನಿಮ್ಮ ಅಂಗಡಿ, ನಿಮ್ಮ ಗಲ್ಲಾ, ನಾಳೆ ದಿಲ್‌ಪಸಂದ್ ಮಾಡಿ ಅಣ್ಣ ಅಂದೆ.

"ಅವರನ್ನ ಕೇಳಿದ್ಯಾ?" ಅಂದರು.

ಯಾರನ್ನ ಅಂದೆ. ಅವರು ಗಲ್ಲಾದ ಕಡೆ ಕೈ ತೋರಿಸಿದರು. ಅದರಲ್ಲಿ ಆಗ ಒಂದು ಗುಂಡಿಯೂ ಇರಲಿಲ್ಲ. ಮೇಲೆ ರೈಲು ಬಂತು. ಅಣ್ಣ ಎದ್ದು ನಿಂತರು. ಅವರು ದಿಲ್‌ಪಸಂದ್ ಮಾಡಲೇ ಇಲ್ಲ.

ಹೋದ ವರ್ಷ ತೀರಿಕೊಂಡರು. ಅದಾಗಿ ಸ್ವಲ್ಪ ದಿನಕ್ಕೆ ಅವರ ಹೆಂಡತಿ ಅಂಗಿಗಳ ಗಂಟು ತಂದು ನನ್ನ ಮುಂದಿಟ್ಟರು. ಯಾರಿಗಾದರೂ ಕೊಡೋಣ ಅಂದರೆ ಇವು ಹೀಗಿವೆ, ಬಿಚ್ಚಿಕೊಡಿ ಅಂದರು. ನಾನು ಹೊಲಿದದ್ದು ಒಂದೇ ಜೇಬು. ಗಂಟಿನಲ್ಲಿದ್ದ ಅಷ್ಟೂ ಅಂಗಿಗಳ ಜೇಬು ಹೊಲಿದಿತ್ತು, ಮಡಿಕೆ ಬಿಚ್ಚದ ಹೊಸ ಅಂಗಿಯದು ಕೂಡ. ಮಿಷನ್ ಹೊಲಿಗೆಯಲ್ಲ, ದಪ್ಪ ದಾರದಲ್ಲಿ ಕೈಯಿಂದ ಹಾಕಿದ ಸೊಟ್ಟ ಸೊಟ್ಟ ಹೊಲಿಗೆ. ಬಹಳ ಅಳು ಬಂತು. ಆಕೆ ಅಳಲಿಲ್ಲ, ನನ್ನನ್ನೇ ನೋಡುತ್ತ ಕೂತಿದ್ದರು.

ಬ್ಲೇಡು ತೆಗೆದುಕೊಂಡು ಮೊದಲ ಜೇಬಿನ ದಾರಕ್ಕೆ ಇಟ್ಟೆ. ಅಷ್ಟರಲ್ಲಿ ಹೊರಗೆ ರೈಲು ಬಂತು, ಅಟ್ಟದ ಮೇಲೆ ಡಬ್ಬ ಕಟಕಟ ಅಂದಿತು. ರೈಲು ಹೋಗುವವರೆಗೂ ನಾನು ಎದ್ದೇ ನಿಂತಿದ್ದೆ. ಆಮೇಲೆ ಬ್ಲೇಡನ್ನು ಕೆಳಗಿಟ್ಟು, "ಇವತ್ತು ಬೇಡ, ಎಲ್ಲರನ್ನೂ ಒಂದು ಮಾತು ಕೇಳಿ ಬಿಚ್ತೀನಿ," ಅಂದೆ.

ಅಂಗಿಗಳ ಗಂಟು ಈಗಲೂ ಅಟ್ಟದ ಮೇಲೆ ಆ ಡಬ್ಬದ ಪಕ್ಕದಲ್ಲೇ ಇದೆ.