ನನ್ನ ಫೋನಿಗೆ ಸಿಗದ ಸಿಗ್ನಲ್

ಯಲಬುರ್ಗಾ ಬಸ್ ನಿಲ್ದಾಣದ ಎದುರು ಕೊಡೆ ಬಿಡಿಸಿಕೊಂಡು ನಾನು ಸಿಮ್ ಮಾರುತ್ತಿದ್ದೆ. ಒಂದು ಬೆಳಿಗ್ಗೆ ಕುರಿ ಸಾಕುವ ಹನುಮವ್ವ ಬಂದು ಹಳೆಯ ಫೋನೊಂದನ್ನು ನನ್ನ ಮುಂದಿಟ್ಟರು. ಅವರ ಮಗಳು ಹೆರಿಗೆಗೆಂದು ಗಂಗಾವತಿ ಆಸ್ಪತ್ರೆ ಸೇರಿದ್ದಳು.

"ತಮ್ಮಾ, ನಿನ್ನ ಸಿಮ್ಮು ಇದರಾಗ ನಡೀತೈತೇನು? ನಮ್ಮೂರಾಗ ನಡೀಬೇಕು ನೋಡು."

ಟವರ್ ಕಳಿಸುವ ತರಂಗಗಳ ಪಟ್ಟಿಯನ್ನು, ಅಂದರೆ ಬ್ಯಾಂಡನ್ನು, ಫೋನು ಹಿಡಿಯಬೇಕು ಎಂದು ವಿವರಿಸಿ, ನೆಟ್‌ನಲ್ಲಿ ಆ ಮಾಡೆಲ್ ಹುಡುಕಿದೆ. ನಮ್ಮ ಕಂಪನಿಯ ಬ್ಯಾಂಡುಗಳಲ್ಲಿ ಅದಕ್ಕೆ ಒಂದೇ ಒಂದು ಹೊಂದಿತು.

"ಕಷ್ಟ ಐತ್ರಿ ಅವ್ವಾ. ನನ್ನ ಫೋನಿನಂಥಾ ಹೊಸಾದು ತಗೋರಿ."

"ನಿನ್ನ ನೆಟ್ಟು ನಮ್ಮೂರು ನೋಡೈತೇನು? ನಡಿ, ಅಲ್ಲೇ ಹಾಕಿ ನೋಡೂಣು."

ಸಿಮ್ ಚಾಲೂ ಮಾಡಿಸಿ, ನನ್ನನ್ನೂ ಬಸ್ ಹತ್ತಿಸಿದರು. ಮನೆ ಮುಂದೆ ಇಳಿದದ್ದೇ ಅಳಿಯನಿಗೆ ಫೋನು ಹಚ್ಚಿದರು. ಕೂಡಲೇ ಹತ್ತಿತು!

"ಹೆಣ್ಣು ಕೂಸಂತ! ಇಬ್ರೂ ಛಲೋ ಅದಾರಂತ!" ಎಂದು ಕಣ್ಣೊರೆಸಿಕೊಂಡು, ಕೂಸಿನ ಅಳು ಕೇಳಲೆಂದು ಫೋನನ್ನು ನನ್ನ ಕಿವಿಗೇ ಒತ್ತಿದರು.

ಬರುವುದು ತಡವಾಗುತ್ತದೆಂದು ಹೆಂಡತಿಗೆ ಹೇಳೋಣವೆಂದು ನನ್ನ ಫೋನು ತೆಗೆದೆ. ಅದೇ ಕಂಪನಿಯ ಸಿಮ್ಮು, ಸಿಗ್ನಲ್ಲೇ ಇಲ್ಲ. ಅಂಗಳದ ಮೂಲೆ ಮೂಲೆಗೂ ಹೋಗಿ ಕೈ ಎತ್ತಿ ಹಿಡಿದರೂ ಇಲ್ಲ.

"ಅವ್ವಾ, ನಿಮ್ಮ ಫೋನಿಂದ ಒಂದ್ ಕಾಲ್ ಮಾಡ್ಲೇನ್ರಿ?"

"ಲಗೂನ ಮುಗಸಪಾ, ಬೀಗರ ಫೋನ್ ಬರೂದೈತಿ."

ಊರಿನ ಟವರ್ ಕೊಡುತ್ತಿದ್ದದ್ದು ಹನುಮವ್ವನವರ ಫೋನಿಗೆ ಹೊಂದಿದ್ದ ಆ ಒಂದೇ ಬ್ಯಾಂಡು. ನನ್ನ ಹೊಸ ಫೋನಿನಲ್ಲಿ ಅದಿಲ್ಲವೆಂದು ಮನೆಗೆ ಬಂದ ಮೇಲೆ ಹುಡುಕಿ ತಿಳಿದುಕೊಂಡೆ. ಕಂಡವರ ಫೋನೆಲ್ಲ ಪರೀಕ್ಷಿಸುತ್ತಿದ್ದವನಿಗೆ ತನ್ನದನ್ನು ನೋಡಲು ಪುರುಸೊತ್ತೇ ಆಗಿರಲಿಲ್ಲ.