ಛಾವಣಿಯ ಹಿಂದಿನ ಹಾಯಿಕಂಬ

ಗದಗದ ಚಂಪಾ ರೈಲ್ವೆ ಕೆಲಸದ ಮೇಲೆ ವಡೋದರಾಕ್ಕೆ ಬಂದು ಹದಿನೇಳು ವರ್ಷವಾಯಿತು. ಭಾನುವಾರ ಬಂತೆಂದರೆ ಬೆಳಗಿನ ರೈಲು ಹಿಡಿದು ಅಹಮದಾಬಾದಿನ ಗುಜರಿ ಬಜಾರಿಗೆ ಹೊರಟುಬಿಡುತ್ತಾಳೆ. ಸಾಬರಮತಿ ದಡದಲ್ಲಿ ತುಕ್ಕು ಹಿಡಿದ ಬೀಗ, ಕೆಟ್ಟ ರೇಡಿಯೊಗಳ ನಡುವೆ ಕೂತು ನೂರು ವರ್ಷ ಹಿಂದಿನ ಚಿತ್ರದ ಅಂಚೆಕಾರ್ಡುಗಳನ್ನು ಹುಡುಕತೊಡಗಿದರೆ ಊಟದ ನೆನಪೂ ಇರದು. ಮನೆಯಲ್ಲೀಗ ಅಂಥ ಆರುನೂರು ಕಾರ್ಡುಗಳಿವೆ.

ಕಳೆದ ಚಳಿಗಾಲದಲ್ಲಿ ಸಿಕ್ಕ ಕಾರ್ಡೊಂದು ಮಾತ್ರ ಅವಳ ತಲೆ ತಿನ್ನತೊಡಗಿತು. ಅದರಲ್ಲಿ ಹಳೆಯ ಓಣಿ, ಮನೆಯೊಂದರ ಬಾಲ್ಕನಿ ಹೊತ್ತ ಮರದ ಗಿಳಿಗಳು. ಕೆಳಗೆ ‘ಅಹಮದಾಬಾದಿನ ಬೀದಿ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಛಾವಣಿಗಳ ಹಿಂದೆ ಹಡಗಿನ ಹಾಯಿಕಂಬ! ಅಹಮದಾಬಾದಿಗೆ ಹಡಗು ಎಲ್ಲಿಂದ ಬರಬೇಕು? ಇದು ಹಡಗುಗಳ ಹಳೆ ಬಂದರು ಸೂರತ್ತೇ ಇರಬೇಕು ಎನಿಸಿತು.

ಸಂಗ್ರಾಹಕರ ಸಂಘದ ಹಿರಿಯ ಜಶವಂತಭಾಯಿಗೆ ತೋರಿಸಿದಳು.

“ಅಚ್ಚಾದದ್ದು ಸುಳ್ಳೇ, ಚಂಪಾಬೆನ್? ಅದು ಯಾವುದೋ ಧ್ವಜದ ಕಂಬ,” ಎಂದು ಅವರು ನಕ್ಕರು.

ಚಂಪಾ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡಳು. ಮಗಳು ವರ್ಷಿಣಿಯನ್ನು ಕರೆದುಕೊಂಡು ಸೂರತ್ತಿಗೆ ಹೋಗಿ, ತಾಪಿ ನದಿಯ ಬಳಿಯ ಹಳೆ ಓಣಿಗಳನ್ನು ಒಂದೂ ಬಿಡದೆ ಸುತ್ತತೊಡಗಿದಳು.

“ಮಮ್ಮಿ, ಬಸ್, ಸಾಕು! ಕಾಲು ನೋಯ್ತಿದೆ. ಎಲ್ಲಾ ಮನೆ ಸೇಮ್ ಇದೆ.”

“ಸೇಮ್ ಎಲ್ಲದಾವ? ಗಿಳಿ ನೋಡವಾ. ಕಾರ್ಡಿನ್ಯಾಗ ಎಡಗಡಿ ಗಿಳಿಗೆ ಕೊಕ್ಕಿಲ್ಲ.”

ಮೊದಲೆರಡು ಸಲ ಬರಿಗೈಯಲ್ಲಿ ಮರಳಿದರು. ಮೂರನೆಯ ಸಲ ವರ್ಷಿಣಿಯೇ ಕೂಗಿದಳು, “ಮಮ್ಮಿ, ಕೊಕ್ಕಿಲ್ಲದ ಗಿಳಿ!” ಬಾಗಿಲಲ್ಲಿ ಅವರೆಕಾಳು ಬಿಡಿಸುತ್ತಿದ್ದ ಮುದುಕಿ ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದಳು. ಅವಳ ಬೊಚ್ಚುಬಾಯಿಯ ಸೂರತ್ ಗುಜರಾತಿ ಚಂಪಾಗೆ ಪೂರ್ತಿ ಹಿಡಿಯದೆ, ವರ್ಷಿಣಿ ತಾಯಿಗೆ ಬಿಡಿಸಿ ಹೇಳಿದಳು:

“ಇದೇ ಮನೆ ಅಂತೆ. ಅವರ ಮಾವ ಚಿಕ್ಕವರಿದ್ದಾಗ ಗಿಳಿಗೆ ಸಿಕ್ಕಿಕೊಂಡ ಗಾಳಿಪಟ ಬಿಡಿಸೋಕೆ ಹೋಗಿ ಕೊಕ್ಕು ಮುರಿದರಂತೆ.”

ಚಂಪಾ ಕಾರ್ಡನ್ನೂ ಗಿಳಿಯನ್ನೂ ಒಂದೇ ಚೌಕಟ್ಟಿನಲ್ಲಿ ಸೇರಿಸಿ ಫೋಟೊ ತೆಗೆದಳು.

ಸಂಘದ ಪ್ರದರ್ಶನದಲ್ಲಿ ಆ ಕಾರ್ಡೂ ಫೋಟೊವೂ ಅಕ್ಕಪಕ್ಕ ನಿಂತವು. ‘ಸೂರತ್. ಗುರುತಿಸಿದವರು: ಚಂಪಾ, ವಡೋದರಾ’ ಎಂಬ ಚೀಟಿಯನ್ನು ಜಶವಂತಭಾಯಿ ತಮ್ಮ ಕೈಯಾರೆ ಬರೆದಿದ್ದರು. ಬಂದವರಿಗೆಲ್ಲ ವರ್ಷಿಣಿ, “ನನ್ನ ಮಮ್ಮಿ ಕಂಡುಹಿಡಿದದ್ದು,” ಎಂದು ಮೂರು ಭಾಷೆಯಲ್ಲಿ ಹೇಳಿದ್ದೇ ಹೇಳಿದ್ದು.

ಮರುವಾರ ಜಶವಂತಭಾಯಿ ಒಂದು ತಗಡಿನ ಪೆಟ್ಟಿಗೆ ಹೊತ್ತು ಅವಳ ಮನೆಗೇ ಬಂದರು.

“ನಲವತ್ತು ವರ್ಷದಿಂದ ಈ ಕಾರ್ಡುಗಳು ಯಾವ ಊರಿನವೋ ನನಗೆ ತಿಳಿದಿಲ್ಲ, ಬೆನ್. ನೀವೊಮ್ಮೆ ನೋಡಬೇಕು.”

ಚಂಪಾ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಪೆಟ್ಟಿಗೆಯ ಮುಚ್ಚಳ ತೆರೆದಳು.